ಕೊಡಲಿ ಎಸೆಯೋಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಗುಂಪಿನವರು ಈ ಸಲ ಕೊಡಲಿ ಎಸೆತಕ್ಕೇ ಹೋಗೋಣ ಅಂತ ಒಪ್ಪಿದ್ದು ಓದಿ ತುಂಬಾ ಖುಷಿಯಾಯಿತು. ನಿಮ್ಮದು ಸಣ್ಣ ಊರು, ಹತ್ತಿರದಲ್ಲಿ ಅಂಥ ಜಾಗ ಸಿಗುತ್ತಾ, ಸಿಕ್ಕರೂ ಯಾವುದನ್ನು ನಂಬೋದು ಅಂತ ಕೇಳಿದ್ದೀಯ. ನನ್ನ ಮಾತು ಇಷ್ಟೇ. ಜಾಗ ಎಷ್ಟು ಹತ್ತಿರ, ನೋಡೋಕೆ ಎಷ್ಟು ಚೆಂದ ಅನ್ನೋದನ್ನೆಲ್ಲ ಆಮೇಲೆ ಯೋಚಿಸು. ಅಲ್ಲಿ ಕಲಿಸುವವರು ಹೇಗಿದ್ದಾರೆ, ಕೊಡಲಿ ನಾಟಬೇಕಾದ ಗುರಿಯ ಹಲಗೆ ಹೇಗಿದೆ ಅಂತ ಮೊದಲು ವಿಚಾರಿಸು.

ಗುರಿಯಿಟ್ಟು ಕೊಡಲಿ ಎಸೆಯೋದು ಹಳೆಯದೇ. ಮರ ಕಡಿಯುವವರ ಪಂದ್ಯಗಳಲ್ಲಿ ಅದು ಬಹಳ ಹಿಂದಿನಿಂದಲೂ ಇದೆ. ಆದರೆ ನೀವು ಹುಡುಕುತ್ತಿರುವ ಒಳಾಂಗಣದ ಆಟ ಇತ್ತೀಚಿನದು. 2006ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮ್ಯಾಟ್ ವಿಲ್ಸನ್ ಎಂಬುವರು ಹಿತ್ತಲಲ್ಲಿ ಗೆಳೆಯರನ್ನು ಸೇರಿಸಿಕೊಂಡು ಒಂದು ಲೀಗ್ ಶುರು ಮಾಡಿದರು. ಅಲ್ಲಿಂದ ಇದು ಒಳಾಂಗಣಕ್ಕೆ ಬಂದು ಹಬ್ಬಿತು. ಇಷ್ಟು ಹೊಸದಾದ್ದರಿಂದ ಇದಕ್ಕೆಂದೇ ಕಟ್ಟಿದ ಜಾಗ ಸಣ್ಣ ಊರಲ್ಲಿ ಇರಲೇಬೇಕು ಅಂತೇನಿಲ್ಲ. ಹಾಗಂತ ಆಟವೇ ಇಲ್ಲ ಅಂದುಕೊಳ್ಳಬೇಡ. ಬೌಲಿಂಗ್ ಸೆಂಟರ್, ಬಿಲ್ಲುಗಾರಿಕೆ ಕಲಿಸುವ ಜಾಗ, ಅಡ್ವೆಂಚರ್ ಪಾರ್ಕ್, ಇಂಥ ಕಡೆ ಒಂದು ಮೂಲೆಯಲ್ಲಿ ಒಂದೆರಡು ಲೇನ್, ಅಂದರೆ ನಿಂತು ಎಸೆಯುವ ಅಂಕಣ, ಇಟ್ಟಿರಬಹುದು. ಅವರ ಬೋರ್ಡಿನ ಮೇಲೆ ಕೊಡಲಿಯ ಹೆಸರೇ ಇಲ್ಲದಿರಬಹುದು. ಅದಕ್ಕೇ ಮ್ಯಾಪಿನಲ್ಲಿ ಕೊಡಲಿ ಎಸೆತ ಅಂತ ಒಂದನ್ನೇ ಹುಡುಕಿ ಬಿಟ್ಟುಬಿಡಬೇಡ. ವರ್ಲ್ಡ್ ಆಕ್ಸ್ ಥ್ರೋಯಿಂಗ್ ಲೀಗ್, ಇಂಟರ್‌ನ್ಯಾಷನಲ್ ಆಕ್ಸ್ ಥ್ರೋಯಿಂಗ್ ಫೆಡರೇಷನ್ ಅಂತ ಈ ಆಟದ ಎರಡು ಸಂಘಟನೆಗಳಿವೆ, ಎರಡೂ ತಮ್ಮ ಜೊತೆ ಸೇರಿದ ಜಾಗಗಳ ಪಟ್ಟಿ ಇಟ್ಟಿವೆ. ಅದನ್ನೂ ನೋಡು. ಇನ್ನೊಂದು ದಾರಿಯೂ ಇದೆ. ಗುರಿ, ಜಾಲರಿ ಎಲ್ಲವನ್ನೂ ಟ್ರೇಲರಿನಲ್ಲಿ ಹಾಕಿಕೊಂಡು ನೀವಿದ್ದಲ್ಲಿಗೇ ಬರುವವರು ಕೆಲವು ಕಡೆ ಇದ್ದಾರೆ. ಗುಂಪು ದೊಡ್ಡದಾಗಿದ್ದರೆ ಎಲ್ಲರೂ ಗಾಡಿ ಹತ್ತಿ ಹೋಗೋದಕ್ಕಿಂತ ಅದು ಸುಲಭ ಆಗಬಹುದು.

ಜಾಗ ಸಿಕ್ಕಮೇಲೆ ಆನ್‌ಲೈನಲ್ಲಿ ಸುಮ್ನೆ ಬುಕ್ ಮಾಡಬೇಡ, ಫೋನ್ ಮಾಡು. ಹಲಗೆಯ ವಿಷಯ ಕೇಳು. ಗುರಿಯ ಹಲಗೆ ಮೆತ್ತನೆಯ ಮರದ್ದಾಗಿರಬೇಕು. ಪಾಪ್ಲರ್, ಪೈನ್ ಥರದ ಮರ ಬಳಸುತ್ತಾರೆ. ಆಗಾಗ ನೀರು ಚಿಮುಕಿಸಿ ಒದ್ದೆಯಾಗಿಡುವವರೂ ಇದ್ದಾರೆ. ಒಣಗಿ ಗಟ್ಟಿಯಾದ ಹಲಗೆಯಾಗಲಿ, ಏಟು ತಿಂದೂ ತಿಂದೂ ಚಕ್ಕೆ ಎದ್ದ ಹಲಗೆಯಾಗಲಿ ಅಲಗನ್ನು ಹಿಡಿದುಕೊಳ್ಳೋದಿಲ್ಲ. ಸರಿಯಾಗಿ ಎಸೆದರೂ ಕೊಡಲಿ ಕೆಳಗೆ ಬೀಳುತ್ತದೆ, ಕೆಲವೊಮ್ಮೆ ಪುಟಿದು ವಾಪಸ್ ಬರುತ್ತದೆ. ಮೊದಲ ಸಲ ಬಂದವರು ತಪ್ಪು ತಮ್ಮದೇ ಅಂದುಕೊಂಡು ಬೇಜಾರಾಗುತ್ತಾರೆ. "ಹಲಗೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?" ಅಂತ ನೇರವಾಗಿ ಕೇಳು. ಕಾಳಜಿ ಇರುವವರು ತಡವರಿಸದೆ ಉತ್ತರ ಕೊಡುತ್ತಾರೆ.

ಆಮೇಲೆ ಕಲಿಸುವವರ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಈ ಆಟಕ್ಕೆ ತೋಳ್ಬಲ ಜಾಸ್ತಿ ಬೇಡ. ಎಸೆಯುವವರು ನಿಲ್ಲುವ ಗೆರೆ ಗುರಿಯಿಂದ ಸುಮಾರು 12 ಅಡಿ ದೂರದಲ್ಲಿ ಇರುತ್ತದೆ. ಅಷ್ಟರೊಳಗೆ ಕೊಡಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಅಲಗು ಮುಂದಾಗಿ ತಾಗಬೇಕು. ಕಾವಿನ ತುದಿ ಮೊದಲು ತಾಗಿದರೆ ಸುತ್ತು ಮುಗಿದಿಲ್ಲ ಅಂತ ಅರ್ಥ, ಅರ್ಧ ಹೆಜ್ಜೆ ಹಿಂದೆ ಹೋಗಬೇಕು. ಕೊಡಲಿಯ ನೆತ್ತಿ ತಾಗಿದರೆ ಸುತ್ತು ಜಾಸ್ತಿಯಾಗಿದೆ, ಸ್ವಲ್ಪ ಮುಂದೆ ಬರಬೇಕು. ಎಸೆಯುವವನಿಗೆ ಇದು ಕಾಣೋದಿಲ್ಲ, ಪಕ್ಕದಲ್ಲಿ ನಿಂತ ಕೋಚ್‌ಗೆ ಕಾಣುತ್ತದೆ. ಒಳ್ಳೆಯ ಕೋಚ್ ಇದ್ದರೆ, ಯಾವ ಆಟದಲ್ಲೂ ಕೈಯಾಡಿಸದವರು ಕೂಡ ಬೇಗನೆ ಹಲಗೆಗೆ ಕೊಡಲಿ ನಾಟಿಸುತ್ತಾರೆ. ಆ ಸದ್ದಿಗೆ ಅವರ ಮುಖ ಅರಳೋದನ್ನು ನೀನು ನೋಡಬೇಕು! ಗುಂಪಿನಲ್ಲಿ ಹಿಂದೆ ಸರಿಯುವ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಶುರುವಿನಲ್ಲಿ ಐದು ನಿಮಿಷ ನಿಯಮ ಓದಿ ಹೋಗಿಬಿಡುವ ಕೋಚ್ ಬೇಡ. ಕೊನೆಯವರೆಗೂ ನಿಮ್ಮ ಲೇನ್ ಪಕ್ಕದಲ್ಲೇ ಇರುತ್ತಾರಾ ಅಂತ ಕೇಳು.

ಒಂದು ಲೇನಿಗೆ ಎಷ್ಟು ಜನ ಅನ್ನೋದನ್ನೂ ಮರೆಯಬೇಡ. ಸಾಮಾನ್ಯವಾಗಿ ಒಂದು ಲೇನಿನಲ್ಲಿ ಅಕ್ಕಪಕ್ಕ ಎರಡು ಗುರಿ ಇರುತ್ತವೆ, ಇಬ್ಬರು ಒಟ್ಟಿಗೆ ಎಸೆಯುತ್ತಾರೆ. ಹನ್ನೆರಡು ಜನಕ್ಕೆ ಒಂದೇ ಲೇನ್ ಕೊಟ್ಟರೆ ಹತ್ತು ಜನ ಸುಮ್ನೆ ನಿಂತಿರಬೇಕಾಗುತ್ತದೆ. ಕಾಸು ಸ್ವಲ್ಪ ಜಾಸ್ತಿಯಾದರೂ ಎರಡು ಲೇನ್ ತಗೋ. ಸಣ್ಣ ಊರಿನ ಜಾಗವಾದರೆ ವಾರದ ಮಧ್ಯೆ ಇಡೀ ಜಾಗವನ್ನೇ ನಿಮಗೆ ಬಿಟ್ಟುಕೊಡಬಹುದು, ಕೇಳಿ ನೋಡು.

ಸುರಕ್ಷತೆಯ ಮಾತು ಬೇಗ ಮುಗಿಸುತ್ತೇನೆ, ಆದರೆ ಇದರಲ್ಲಿ ರಾಜಿ ಬೇಡ. ಲೇನ್‌ಗಳ ನಡುವೆ ಜಾಲರಿ ಇರಲೇಬೇಕು. ಎಲ್ಲರಿಗೂ ಮುಂದೆ ಮುಚ್ಚಿದ ಶೂ ಹಾಕಿಕೊಂಡು ಬರೋಕೆ ಹೇಳು. ಇಬ್ಬರೂ ಎಸೆದು ಮುಗಿಸಿದ ಮೇಲೆ ಇಬ್ಬರೂ ಒಟ್ಟಿಗೇ ಹೋಗಿ ಕೊಡಲಿ ತೆಗೆಯಬೇಕು. ಕೊಡಲಿಯನ್ನು ಕೈಯಿಂದ ಕೈಗೆ ಕೊಡಬಾರದು. ಕುಡಿದವರು ಗೆರೆಯ ಹತ್ತಿರ ಬರಲೇಬಾರದು. ಮಕ್ಕಳಿದ್ದರೆ ವಯಸ್ಸಿನ ಮಿತಿ ಮೊದಲೇ ಕೇಳು, ಅದು ಜಾಗದಿಂದ ಜಾಗಕ್ಕೆ ಬೇರೆ.

ಅಭ್ಯಾಸ ಆದಮೇಲೆ ಪಂದ್ಯ ಕಟ್ಟಿ. ವರ್ಲ್ಡ್ ಆಕ್ಸ್ ಥ್ರೋಯಿಂಗ್ ಲೀಗಿನ ಲೆಕ್ಕದಲ್ಲಿ ಒಬ್ಬರಿಗೆ ಹತ್ತು ಎಸೆತ. ಗುರಿಯ ನಟ್ಟನಡುವಿನ ವೃತ್ತ ಬುಲ್ಸ್‌ಐಗೆ 6 ಅಂಕ, ಮೇಲಿನ ಎರಡು ಸಣ್ಣ ಚುಕ್ಕಿಗಳಿಗೆ 8. ಚುಕ್ಕಿಗೆ ಎಸೆಯುವ ಮೊದಲು ಬಾಯಿಬಿಟ್ಟು ಹೇಳಬೇಕು. ಎಂಟು ಬುಲ್ಸ್‌ಐಗೆ, ಎರಡು ಚುಕ್ಕಿಗೆ, ಹೀಗೆ ಎಲ್ಲ ಸರಿಯಾಗಿ ಬಿದ್ದರೆ ಒಟ್ಟು 64. ನಿಮ್ಮವರು ಅಷ್ಟು ದೂರ ಹೋಗಬೇಕಿಲ್ಲ. ಎರಡು ತಂಡ ಮಾಡಿ, ಹೊಸಬರನ್ನೂ ಗುರಿಕಾರರನ್ನೂ ಬೆರೆಸು, ಸಾಕು.

ಹತ್ತಿರದ ಜಾಗದವರ ಉತ್ತರ ನಿನಗೆ ಸಮಾಧಾನ ಕೊಡದಿದ್ದರೆ, ಇನ್ನೊಂದು ತಾಸು ದೂರದ ಜಾಗಕ್ಕೆ ಹೋಗೋಕೆ ಹಿಂಜರಿಯಬೇಡ. ಎಷ್ಟು ಜನ, ಯಾವ ವಾರ, ಫೋನಿನಲ್ಲಿ ಅವರು ಏನಂದರು ಅಂತ ಬರೆದು ಕಳಿಸು. ಕೂತು ಆರಿಸೋಣ.

ನಿನ್ನ ಗೆಳೆಯ