ಕಳೆನಾಶಕ ಕೊಳ್ಳುವ ಮುನ್ನ ಕಳೆಯ ಹೆಸರು ಗೊತ್ತಿರಲಿ

ಮಾನ್ಯ ಸಂಪಾದಕರೇ,

ಮುಂಗಾರು ನಾಲ್ಕು ಹದ ಮಳೆ ಸುರಿಸಿದರೆ ಸಾಕು, ಖಾಲಿ ಸೈಟು, ತೋಟದ ಬದು, ಮನೆಯ ಹಿತ್ತಿಲು ಎಲ್ಲ ಕಡೆ ಕಳೆ ಸೊಂಟದೆತ್ತರ ಬೆಳೆದು ನಿಲ್ಲುತ್ತದೆ. ಆಗ ಗೊಬ್ಬರದಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: ‘ಒಂದ್ಸಲ ಹೊಡೆದ್ರೆ ಮತ್ತೆ ಹುಟ್ಟಬಾರದು, ಅಂಥದ್ದು ಕೊಡಿ.’ ಅಂಗಡಿಯವರು ಯಾವುದೋ ಬಾಟಲಿ ಎತ್ತಿ ಕೊಟ್ಟು ‘ಕ್ಯಾನಿಗೆ ನೂರು ಎಂ.ಎಲ್. ಹಾಕಿ’ ಎನ್ನುತ್ತಾರೆ. ಯಾವ ಕಳೆ ಎಂದು ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಎರಡು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಅದೇ ಹುಲ್ಲು. ಔಷಧಿ ಡೂಪ್ಲಿಕೇಟು ಎಂದು ಬೈದು ಸುಮ್ಮನಾಗುತ್ತೇವೆ. ಡೂಪ್ಲಿಕೇಟು ಮಾರುವವರು ಇದ್ದಾರೆ, ನಿಜ. ಆದರೆ ಬಹಳ ಸಲ ತಪ್ಪು ನಡೆದಿರುವುದು ಬಾಟಲಿಯ ಹೊರಗೆ.

ಕಳೆನಾಶಕದ ಬಾಳಿಕೆ ಎಂದರೆ ಎರಡು ಬೇರೆ ಬೇರೆ ಸಂಗತಿ. ಇರುವ ಕಳೆ ಬೇರು, ಗಡ್ಡೆ ಸಮೇತ ಸಾಯುವುದು ಒಂದು. ಔಷಧಿ ನೆಲದಲ್ಲೇ ಉಳಿದು ಹೊಸ ಬೀಜ ಮೊಳೆಯದಂತೆ ತಡೆಯುವುದು ಇನ್ನೊಂದು. ಗ್ಲೈಫೋಸೇಟ್ ಮೊದಲನೆಯ ಕೆಲಸ ಮಾಡುತ್ತದೆ: ಎಲೆಯಿಂದ ಇಳಿದು ಬೇರಿನ ತುದಿಯವರೆಗೆ ಹೋಗುತ್ತದೆ. ಮಣ್ಣಿಗೆ ಬಿದ್ದದ್ದು ಜೇಡಿಯ ಕಣಕ್ಕೆ ಅಂಟಿ ನಿಷ್ಕ್ರಿಯವಾಗುವುದರಿಂದ ನಾಳೆ ಮೊಳೆಯುವ ಬೀಜಕ್ಕೆ ಅದರ ಗೊಡವೆಯೇ ಇಲ್ಲ. ಎರಡನೆಯ ಕೆಲಸಕ್ಕೆ ಅಟ್ರಾಜಿನ್, ಡಯುರಾನ್‌ನಂಥವು ಇವೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಮುಸುಕಿನ ಜೋಳ, ಹತ್ತಿಯಂಥ ಬೆಳೆಗೆಂದು ಅಳತೆ ಮಾಡಿಕೊಟ್ಟ ಇವನ್ನು ‘ಲಾಂಗ್ ಲಾಸ್ಟಿಂಗ್’ ಎಂದು ಸೈಟಿಗೆ ಎರಡು ಪಟ್ಟು ಸುರಿಯುವುದುಂಟು. ನೆಲದಲ್ಲಿ ಉಳಿಯುವ ಔಷಧಿಗೆ ನಮ್ಮ ಕಾಂಪೌಂಡು ಗೊತ್ತಿರುವುದಿಲ್ಲ. ಮಳೆ ನೀರಿನ ಜೊತೆ ಪಕ್ಕದವರ ತೆಂಗು, ನುಗ್ಗೆಯ ಬೇರಿಗೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ. ಅಂತರ್ಜಲದಲ್ಲಿ ಸಿಕ್ಕಿದ ಕಾರಣಕ್ಕೇ ಯುರೋಪಿಯನ್ ಒಕ್ಕೂಟ ಎರಡು ದಶಕದ ಹಿಂದೆ ಅಟ್ರಾಜಿನ್ ಕೈಬಿಟ್ಟಿತು. ಬೋರ್‌ವೆಲ್ ಇರುವ ಸೈಟಿನಲ್ಲಿ ಇಂಥ ಬಾಳಿಕೆ ಯಾರಿಗೂ ಬೇಡ.

ಹಾಗಾಗಿ ಮೊದಲು ಕಳೆ ಯಾವುದೆಂದು ನೋಡಬೇಕು.

ಕಾಂಗ್ರೆಸ್ ಗಿಡಕ್ಕೆ, ಅಂದರೆ ಪಾರ್ಥೇನಿಯಂಗೆ, ನೆಲದಡಿ ಗಡ್ಡೆಯಿಲ್ಲ, ಬದುಕೆಲ್ಲ ಬೀಜದಲ್ಲಿ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. 1975ರಲ್ಲೇ ಕರ್ನಾಟಕ ಇದನ್ನು ಪೀಡಕ ಕಳೆಯೆಂದು ಘೋಷಿಸಿತ್ತು. ಮೆಕ್ಸಿಕೊದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆಯಿತು. ಆ ಹುಳು ಮಳೆಗಾಲದಲ್ಲಿ ಎಲೆ ತಿಂದು ಬೇಸಿಗೆಯಲ್ಲಿ ಮಣ್ಣು ಸೇರಿಬಿಡುತ್ತದೆ. ಈ ಗಿಡಕ್ಕೆ ಹೊಡೆಯಬೇಕಾದದ್ದು ನಾಲ್ಕೈದು ಎಲೆ ನೆಲಕ್ಕೆ ಚಪ್ಪಟೆಯಾಗಿ ಹರಡಿರುವಾಗ. ಬಿಳಿ ಹೂ ಕಂಡ ಮೇಲೆ ಹೊಡೆದರೆ ಗಿಡ ಒಣಗುತ್ತದೆ, ಬೀಜ ಮಾತ್ರ ಬಲಿತು ಉದುರುತ್ತದೆ. ಲೀಟರ್ ನೀರಿಗೆ 20 ಗ್ರಾಂ ಅಮೋನಿಯಂ ಸಲ್ಫೇಟ್, 10 ಮಿ.ಲೀ. ಗ್ಲೈಫೋಸೇಟ್ (ಶೇ 41), 2 ಮಿ.ಲೀ. ಸೋಪಿನ ದ್ರಾವಣ ಇದಕ್ಕೆ ರೂಢಿಯ ಪ್ರಮಾಣ. ಹುಲ್ಲು ಉಳಿಸಿಕೊಂಡು ಕಾಂಗ್ರೆಸ್ ಮಾತ್ರ ಸಾಯಬೇಕೆಂದರೆ 2,4-ಡಿ ಆಗುತ್ತದೆ, ಅದು ಅಗಲ ಎಲೆಯವನ್ನಷ್ಟೇ ಕೊಲ್ಲುತ್ತದೆ. ಆದರೆ ಹತ್ತಿರದಲ್ಲಿ ಹತ್ತಿ, ದ್ರಾಕ್ಷಿ ಅಥವಾ ಟೊಮೆಟೊ ಇದ್ದರೆ ಬಾಟಲಿ ಮುಟ್ಟಲೇಬೇಡಿ. ಗಾಳಿಯಲ್ಲಿ ತೇಲಿದ ನಾಲ್ಕು ಹನಿಗೆ ಆ ಎಲೆಗಳು ಮುರುಟಿ ಹೋಗುತ್ತವೆ. ಗಿಡ ವಿರಳವಾಗಿದ್ದರೆ ಯಾವ ಔಷಧಿಯೂ ಬೇಡ. ಮಳೆ ಬಂದ ಮರುದಿನ ಕೈಗವಸು ಹಾಕಿ ಬೇರು ಸಮೇತ ಕೀಳಿ. ಗವಸು ಏಕೆಂದರೆ, ಚರ್ಮದ ತುರಿಕೆ ಶುರುವಾಯಿತೆಂದರೆ ಸುಲಭಕ್ಕೆ ಬಿಡುವುದಿಲ್ಲ.

ಕೊನ್ನಾರಿಯ ಲೆಕ್ಕವೇ ಬೇರೆ. ಜೇಕು, ತುಂಗೆ ಎಂದೂ ಕರೆಯುವ ಇದು ಮೇಲೆ ಗೇಣುದ್ದದ ಎಲೆ, ಕೆಳಗೆ ದಾರಕ್ಕೆ ಪೋಣಿಸಿದಂತೆ ಸಾಲು ಗಡ್ಡೆ. ತುದಿಯ ಗಡ್ಡೆ ಚಿಗುರಿ ನಿಂತಿರುವಾಗ ಸಾಲಿನ ಉಳಿದವು ನಿದ್ದೆಯಲ್ಲಿರುತ್ತವೆ. ಗ್ಲೈಫೋಸೇಟ್ ಒಂದು ಸಲ ಹೊಡೆದಾಗ ಎದ್ದಿದ್ದವು ಸಾಯುತ್ತವೆ, ಮಲಗಿದ್ದವು ತಿಂಗಳೊಳಗೆ ಏಳುತ್ತವೆ. ‘ಔಷಧಿ ಕೆಲಸ ಮಾಡಲಿಲ್ಲ’ ಎನ್ನುವುದು ಇಲ್ಲಿಯೇ. ಎದ್ದವು ಐದಾರು ಎಲೆ ಬಿಟ್ಟ ಕೂಡಲೇ, ಹೂತೆನೆ ಬರುವ ಮೊದಲು, ಮತ್ತೆ ಹೊಡೆಯಬೇಕು. ಒಂದೇ ಮಳೆಗಾಲದಲ್ಲಿ ಮೂರು ಸಲವಾದರೂ ಬೇಕಾದೀತು. ಗುದ್ದಲಿಯಿಂದ ಅಗೆದರೆ ಸರಪಳಿ ತುಂಡಾಗಿ ಪ್ರತಿ ಗಡ್ಡೆಯೂ ಸ್ವತಂತ್ರ ಗಿಡವಾಗುತ್ತದೆ. ರೋಟವೇಟರ್ ಹೊಡೆಸಿದರಂತೂ ನಾವೇ ಬಿತ್ತನೆ ಮಾಡಿದಂತೆ. ಕಬ್ಬಿನಲ್ಲಿ ಇದಕ್ಕೆಂದೇ ಹ್ಯಾಲೋಸಲ್ಫ್ಯುರಾನ್ (ಶೇ 75) ಹೆಕ್ಟೇರಿಗೆ 90 ಗ್ರಾಂ ಬಳಸುತ್ತಾರೆ. ಗರಿಕೆ ಅಷ್ಟು ಹಟಮಾರಿಯಲ್ಲವಾದರೂ ಸ್ವಭಾವ ಹೆಚ್ಚೂಕಡಿಮೆ ಅದೇ: ಹಸಿರಾಗಿ ಹಬ್ಬುತ್ತಿರುವಾಗ ಮಾತ್ರ ಔಷಧಿ ಕೆಳಗಿಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಕಂದಿ ಕೂತ ಗರಿಕೆಗೆ ಹೊಡೆಯುವುದೆಂದರೆ ದುಡ್ಡು ನೆಲಕ್ಕೆ ಚೆಲ್ಲುವುದು.

ಬಯಲುಸೀಮೆಯ ಜಮೀನಿನ ಬಳ್ಳಾರಿ ಜಾಲಿಗೆ ಎಲೆಯ ಮೇಲಿನ ಸಿಂಪಡಣೆಯಿಂದ ಪ್ರಯೋಜನ ಕಡಿಮೆ. ನೆಲಮಟ್ಟದಲ್ಲಿ ಕಡಿದರೆ ಬುಡದಿಂದ ಹತ್ತು ಚಿಗುರು ಬರುತ್ತವೆ, ಕಾರಣ ಚಿಗುರುವ ಕಣ್ಣುಗಳು ಮಣ್ಣಿನಡಿಯ ಬುಡದಲ್ಲಿವೆ. ಸುತ್ತ ಮಣ್ಣು ಬಿಡಿಸಿ ಒಂದಡಿ ಆಳಕ್ಕೆ ಬೇರು ಕತ್ತರಿಸಿದರೆ ಔಷಧಿಯ ಹಂಗೇ ಇಲ್ಲ.

ಇನ್ನು ಅಳತೆ. ಲೇಬಲ್ಲಿನಲ್ಲಿ ಪ್ರಮಾಣ ಹೆಕ್ಟೇರಿಗೆ ಇರುತ್ತದೆ. ಬೆಳೆಯಿಲ್ಲದ ಜಾಗಕ್ಕೆ ಶೇ 41ರ ಗ್ಲೈಫೋಸೇಟ್ ಹೆಕ್ಟೇರಿಗೆ 2ರಿಂದ 3 ಲೀಟರ್, ಸುಮಾರು 500 ಲೀಟರ್ ನೀರಿನಲ್ಲಿ. ನಮ್ಮ ಗುಂಟೆಗೆ ಇಳಿಸಿದರೆ 20ರಿಂದ 30 ಮಿ.ಲೀ., ನೀರು 5 ಲೀಟರ್. 30x40ರ ಸೈಟು ಗುಂಟೆಗಿಂತ ತುಸು ದೊಡ್ಡದು, ಅಷ್ಟೇ. 16 ಲೀಟರಿನ ಕ್ಯಾನು ಮೂರು ಗುಂಟೆಗೆ ಸಾಕು. ಅಂಗಡಿಯವರ ‘ಕ್ಯಾನಿಗೆ ನೂರು’ ಆ ಮಟ್ಟಿಗೆ ತಪ್ಪಲ್ಲ. ಆದರೆ ಕ್ಯಾನು ಎಷ್ಟು ಜಾಗಕ್ಕೆ ಎಂಬುದನ್ನು ಅವರು ಹೇಳುವುದಿಲ್ಲ. ನಿಧಾನವಾಗಿ ನಡೆಯುವವರು ಒಂದೇ ಗುಂಟೆಗೆ 10 ಲೀಟರ್ ಖಾಲಿ ಮಾಡಿರುತ್ತಾರೆ, ಡೋಸು ದುಪ್ಪಟ್ಟು. 33 ಅಡಿ ಉದ್ದ, 33 ಅಡಿ ಅಗಲ ಗುರುತು ಮಾಡಿ ಬರೀ ನೀರು ಹೊಡೆದು ನೋಡಿ. ಎಷ್ಟು ಲೀಟರ್ ಹೋಯಿತೋ ಅಷ್ಟು ನೀರಿಗೆ ಗುಂಟೆಯ ಔಷಧಿ ಬೆರೆಸಬೇಕು. ಕಾಂಗ್ರೆಸ್ಸಿಗೆ ಮೇಲೆ ಹೇಳಿದ ಲೀಟರಿಗೆ 10 ಮಿ.ಲೀ. ಗಿಡಗಿಡಕ್ಕೆ ಹೊಡೆಯುವ ಲೆಕ್ಕ. ಎಲೆ ಒದ್ದೆಯಾದರೆ ಸಾಕು, ಹನಿ ಜಾರಬಾರದು. ಹುಳುವಿನ ಔಷಧಿಗೆ ಬಳಸುವ ಮಂಜಿನ ನಾಜಲ್ ತೆಗೆದು ಬೀಸಣಿಗೆಯಂತೆ ಚಪ್ಪಟೆಯಾಗಿ ಹೊಡೆಯುವ ಫ್ಲಡ್‌ಜೆಟ್ ಅಥವಾ ಫ್ಲಾಟ್‌ಫ್ಯಾನ್ ನಾಜಲ್ ಹಾಕಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹಿಡಿಯಿರಿ.

ನೀರಿನ ವಿಷಯ ಯಾರೂ ಗಮನಿಸುವುದಿಲ್ಲ. ಕೆರೆಯ ಕೆಂಪು ರಾಡಿ ನೀರಿನಲ್ಲಿ ಬೆರೆಸಿದರೆ ಗ್ಲೈಫೋಸೇಟ್ ಆ ಮಣ್ಣಿಗೇ ಅಂಟಿಕೊಂಡು ಕ್ಯಾನಿನಲ್ಲೇ ಸತ್ತುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ, ಮೆಗ್ನೀಸಿಯಂ ಕೂಡ ಅದನ್ನು ಕಟ್ಟಿಹಾಕುತ್ತವೆ. ಬಟ್ಟೆ ಒಗೆದರೆ ನೊರೆ ಬಾರದ ನೀರಾದರೆ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಇಲ್ಲವೇ ಮೊದಲು ಅಮೋನಿಯಂ ಸಲ್ಫೇಟ್ ಪೂರ್ತಿ ಕರಗಿಸಿ, ಆಮೇಲೆ ಔಷಧಿ ಹಾಕಿ. ಕ್ರಮ ತಿರುಗುಮುರುಗು ಮಾಡಿದರೆ ಲಾಭ ಅರ್ಧ. ಸತುವಿನ ಲೇಪದ ಬಕೆಟ್ಟಿನಲ್ಲಿ ಕಲಸಬಾರದು, ಔಷಧಿ ಲೋಹದೊಡನೆ ವರ್ತಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ರಸ್ತೆ ಬದಿಯ ಎಲೆಗಳ ಮೇಲೆ ಧೂಳು ಕೂತಿದ್ದರೆ ಒಂದು ಮಳೆ ತೊಳೆಯುವವರೆಗೆ ಕಾಯಿರಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹೊಡೆದು, ಮುಂದೆ ಆರು ಗಂಟೆ ಮಳೆ ಬಾರದಿದ್ದರೆ ಸಾಕು.

ಕೆಟ್ಟ ಸಲಹೆಗಳಲ್ಲಿ ಮೊದಲನೆಯದು ‘ಸುಡೋದೂ ಬೇರಿಂದೂ ಎರಡೂ ಸೇರಿಸಿ ಹೊಡೀರಿ’ ಎನ್ನುವುದು. ‘ಸುಡೋದು’ ಅಂದರೆ ಪ್ಯಾರಾಕ್ವಾಟ್, ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಎಲೆ ಸುಡುತ್ತದೆ. ಎಲೆಯೇ ಸತ್ತ ಮೇಲೆ ಗ್ಲೈಫೋಸೇಟ್ ಬೇರಿಗೆ ಇಳಿಯುವ ದಾರಿ ಯಾವುದು? ಮರುದಿನ ಕಂದು ಬಣ್ಣ ನೋಡಿ ಖುಷಿ, ತಿಂಗಳಿಗೆ ಚಿಗುರು. ಪ್ಯಾರಾಕ್ವಾಟ್‌ಗೆ ಪ್ರತಿವಿಷವೂ ಇಲ್ಲ, ಒಂದು ಗುಟುಕು ಹೊಟ್ಟೆ ಸೇರಿದರೂ ಜೀವ ಹೋಗಬಹುದು. ಮಕ್ಕಳಿರುವ ಮನೆಗೆ ಅದನ್ನು ತರುವುದೇ ಬೇಡ. ಎರಡನೆಯದು, ಇವತ್ತು ಮೆಷಿನ್ನಿನಲ್ಲಿ ಹುಲ್ಲು ಕತ್ತರಿಸಿ ನಾಳೆ ಔಷಧಿ ಹೊಡೆಯುವುದು. ಹೀರಲು ಎಲೆ ಬೇಕಲ್ಲ! ಎದೆಯುದ್ದ ಬೆಳೆದಿದ್ದರೆ ಕತ್ತರಿಸಿ, ಎರಡು ಮೂರು ವಾರ ಬಿಟ್ಟು, ಅರ್ಧ ಅಡಿ ಚಿಗುರಿದಾಗ ಹೊಡೆದು, ಮತ್ತೆ ಹದಿನೈದು ದಿನ ಮುಟ್ಟದಿರಿ. ಮೂರನೆಯದು ವಾಟ್ಸ್ಆ್ಯಪ್‌ನ ಉಪ್ಪು-ವಿನಿಗರ್. ಅಡುಗೆಯ ವಿನಿಗರ್ ಮೇಲಿನ ಎಲೆಯನ್ನಷ್ಟೇ ಸುಡುತ್ತದೆ. ಲೀಟರಿಗೆ 200 ಗ್ರಾಂ ಉಪ್ಪು ಪಾರ್ಥೇನಿಯಂ ಕೊಲ್ಲುವುದು ನಿಜ, ಬಂಜರಿನಲ್ಲಿ ಸರಿ. ಮನೆ ಕಟ್ಟುವ ಸೈಟಿನಲ್ಲಿ ಆ ಕ್ಲೋರೈಡ್ ಮುಂದೆ ಪಾಯದ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ.

ಕಾನೂನೂ ಇದೆ. ಗ್ಲೈಫೋಸೇಟನ್ನು ಕೀಟ ನಿಯಂತ್ರಣ ಪರವಾನಗಿ ಪಡೆದವರ ಮೂಲಕವಷ್ಟೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿತ್ತು. ಪರವಾನಗಿಯವರನ್ನು ಕರೆಸಿದರೂ ಕಳೆಯ ಹೆಸರು, ಗುಂಟೆಯ ಲೆಕ್ಕ ನಮಗೆ ತಿಳಿದಿದ್ದರೆ ಅವರು ಕ್ಯಾನಿಗೆ ಏನು ಸುರಿಯುತ್ತಿದ್ದಾರೆಂದು ಕೇಳಬಹುದು. ಕಳೆನಾಶಕದ ಕ್ಯಾನು ಬೇರೆಯೇ ಇರಲಿ: 2,4-ಡಿ ಹೊಡೆದ ಕ್ಯಾನಿನಲ್ಲಿ ಬದನೆಗೆ ಹುಳುವಿನ ಔಷಧಿ ಹೊಡೆದರೆ ಬದನೆಯೂ ಸುರುಟುತ್ತದೆ.

ಇಷ್ಟಾದ ಮೇಲೂ ನೆಲ ಬೋಳಾಗಿ ಬಿಟ್ಟರೆ ಮಣ್ಣಿನ ಬೀಜ ಮೊಳೆಯದೆ ಇರುವುದಿಲ್ಲ. ನಿಜವಾದ ಬಾಳಿಕೆ ಸಿಗುವುದು ಮುಚ್ಚಿಗೆಯಿಂದ. ಒಂದೆರಡು ವರ್ಷ ಕಟ್ಟಡ ಕಟ್ಟದ ಸೈಟಾದರೆ ಕಳೆ ಸತ್ತ ಮೇಲೆ ಮುಕ್ಕಾಲು ಕೆ.ಜಿ. ಸೆಣಬಿನ ಬೀಜ ಚೆಲ್ಲಿ. ದಟ್ಟವಾಗಿ ಎದ್ದು ಕೆಳಗೆ ಬಿಸಿಲು ಬೀಳಗೊಡುವುದಿಲ್ಲ. ಹೂ ಬಂದಾಗ ಕತ್ತರಿಸಿ ಅಲ್ಲೇ ಹಾಸಿ. ಬದುವಿಗೆ ತಗಚೆ ಬೀಜ ಚೆಲ್ಲಿದರೆ ಪಾರ್ಥೇನಿಯಂ ಹಿಂದೆ ಸರಿಯುತ್ತದೆ. ಮನೆ ಸುತ್ತ ಆದರೆ 100 ಜಿಎಸ್‌ಎಂನ (ಚದರ ಮೀಟರಿಗೆ 100 ಗ್ರಾಂ ತೂಕದ) ನೇಯ್ದ ವೀಡ್ ಮ್ಯಾಟ್, ಅಂದರೆ ಕಳೆ ತಡೆಯುವ ಹಾಸು, ಹಾಸಿ, ಅಂಚುಗಳನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಇಟ್ಟು, ಮೂರಡಿಗೊಂದು ಮೊಳೆ ಹೊಡೆದು, ಮೇಲೆ ಎರಡು ಅಂಗುಲ ಜಲ್ಲಿ. ತರಕಾರಿ ತೋಟದ ತೆಳು ಮಲ್ಚಿಂಗ್ ಶೀಟು ಇಲ್ಲಿಗೆ ಸಲ್ಲದು, ಕೊನ್ನಾರಿಯ ಸೂಜಿಯಂಥ ಮೊಳಕೆ ಅದನ್ನು ಚುಚ್ಚಿ ಹೊರಬರುತ್ತದೆ. ಜಲ್ಲಿಯ ಮೇಲೆ ಬೀಳುವ ತರಗೆಲೆ ವರ್ಷಕ್ಕೆರಡು ಸಲ ಗುಡಿಸದಿದ್ದರೆ ಅದೇ ಗೊಬ್ಬರವಾಗಿ ಮೇಲ್ಗಡೆಯೇ ಹುಲ್ಲು ಹುಟ್ಟುತ್ತದೆ.

ಕೃಷಿ ಇಲಾಖೆಗೆ ಒಂದು ಕೋರಿಕೆ: ರೈತ ಸಂಪರ್ಕ ಕೇಂದ್ರಗಳಲ್ಲೂ ಔಷಧಿ ಅಂಗಡಿಗಳಲ್ಲೂ ಕಳೆನಾಶಕಗಳ ಪ್ರಮಾಣವನ್ನು ಗುಂಟೆಯ ಲೆಕ್ಕದಲ್ಲಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಬರೆಸಲಿ. ಸೈಟಿನ ಮಾಲೀಕರಿಗೂ ಒಂದು: ಊರಂಚಿನ ಖಾಲಿ ಸೈಟಿನ ಹುಲ್ಲನ್ನು ಯಾರೋ ಹಸುವಿಗೆ ಕೊಯ್ದು ಒಯ್ಯುತ್ತಿರುತ್ತಾರೆ. ಗ್ಲೈಫೋಸೇಟ್ ಹೊಡೆದ ಹುಲ್ಲು ಒಂದು ವಾರ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ಹೊಡೆದ ದಿನವೇ ತಾರೀಖು ಬರೆದ ಒಂದು ರಟ್ಟಿನ ಬೋರ್ಡು ನೆಡಿ.

– ಓದುಗ, ತಿಪಟೂರು