ಸೀರಿಯಲ್ ಮುಗಿಯಿತು, ಅಕ್ಕನಿಗೊಂದು ಥ್ಯಾಂಕ್ಸ್ ಬಾಕಿ ಇದೆ

ನಿನ್ನೆ ನಮ್ಮ ಸೀರಿಯಲ್‌ನ ಕೊನೆಯ ಕಂತು ಪ್ರಸಾರವಾಯಿತು. ಆಗಿನಿಂದ ಫೋನ್ ಕೆಳಗಿಡೋಕೆ ಆಗಿಲ್ಲ. ಒಬ್ಬೊಬ್ಬರಿಗೇ ಉತ್ತರ ಬರೆಯೋದು ಕಷ್ಟ, ಅದಕ್ಕೇ ಇದು. ನಿರ್ದೇಶಕರು, ಸಂಭಾಷಣೆ ಬರೆದವರು, ಕ್ಯಾಮೆರಾ ಮತ್ತು ಲೈಟ್ ತಂಡ, ಜೊತೆಗೆ ನಟಿಸಿದವರು, ಹೊತ್ತುಗೊತ್ತಿಲ್ಲದ ನನ್ನ ಕೆಲಸ ಸಹಿಸಿಕೊಂಡ ಮನೆಯವರು, ದಿನಾ ನೋಡಿದ ನೀವು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ನನ್ನ ಹೇರ್ ಡ್ರೆಸ್ಸರ್ ಅಕ್ಕನಿಗೆ ಬೇಕು.

ಸೀರಿಯಲ್‌ಗೆ ಮುಂಚೆ ಒಂದು ಸಿನಿಮಾ ನನ್ನ ಕೈತಪ್ಪಿತ್ತು. ಆ ಕಥೆ ಹತ್ತಿರದವರಿಗೆಲ್ಲ ಗೊತ್ತು, ಮತ್ತೆ ಕೆದಕಲ್ಲ. ಯಾರಿಗೂ ಗೊತ್ತಿಲ್ಲದ್ದು ಆ ರಾತ್ರಿಯದ್ದು. ನನ್ನ ಪಾತ್ರಕ್ಕೆ ಬೇರೆಯವರು ಬಂದಿದ್ದಾರೆ ಅಂತ ಯಾರೂ ಹೇಳಿರಲಿಲ್ಲ. ಮೇಕಪ್ ಮುಗಿಸಿ ಕಾಸ್ಟ್ಯೂಮ್ ಕೇಳಿದೆ, ಅದನ್ನು ಆಗಲೇ ಇನ್ನೊಬ್ಬರ ಅಳತೆಗೆ ಹಿಡಿದು ಹೊಲಿದಿದ್ದರು. ಅಷ್ಟೇ. ರೂಮಿಗೆ ಹೋಗಿ ಅಂದರು. ಹಿಂದೆಯೇ ಅಕ್ಕ ಬಂದರು. ಏನೂ ಮಾತಾಡದೆ ತಲೆಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದರು, ನಾನು ಅಳುವಷ್ಟೂ ಅಳಲಿ ಅಂತ ಬಿಟ್ಟರು, ಬೆಳಗಾಗುವವರೆಗೂ ಕೂತರು. ಎದ್ದು ಹೊರಡುವಾಗ ಮುಚ್ಚುಮರೆ ಇಲ್ಲದೆ ಹೇಳಿದರು: ‘ಈಗ ಆ ಹುಡುಗಿಗೆ ಜಡೆ ಹಾಕಬೇಕು, ಅವಳದೇನೂ ತಪ್ಪಿಲ್ಲ, ನಂದು ಕೆಲಸ.’ ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಇಷ್ಟು ಗೌರವ.

ಸೀರಿಯಲ್‌ಗೆ ಕರೆ ಬಂದಾಗ ನಾನು ಬೇಡ ಅಂದಿದ್ದೆ. ಸಿನಿಮಾ ಬಿಟ್ಟು ಟೀವಿಗೆ ಹೋದರೆ ಕೆಳಗಿಳಿದ ಹಾಗೆ ಅನ್ನೋರೇ ಜಾಸ್ತಿ, ಅಲ್ವಾ? ಅಕ್ಕನದು ಬೇರೆ ಲೆಕ್ಕ. ‘ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ಸೀನು. ಅಲ್ಲಿ ದಿನಕ್ಕೊಂದು ಎಪಿಸೋಡು. ಅಳೋಕೆ ಪುರುಸೊತ್ತು ಸಿಗಲ್ಲ, ಸಿಕ್ಕರೂ ಅದಕ್ಕೆ ಪೇಮೆಂಟ್ ಬರುತ್ತೆ.’

ಹೋದೆ. ಶಾಟ್‌ಗೆ ಸ್ವಲ್ಪ ಮುಂಚೆ ಕೈಗೆ ಬಂದ ಡೈಲಾಗನ್ನು ತಲೆಗೆ ತುಂಬಿಕೊಳ್ಳೋದು, ಎದುರಿಗಿರಬೇಕಾದವರು ಇಲ್ಲದೆ ಲೈಟ್ ಸ್ಟ್ಯಾಂಡ್ ನೋಡುತ್ತಾ ಕ್ಲೋಸಪ್ ಕೊಡೋದು, ವಾರದ ಹಿಂದೆ ಅರ್ಧಕ್ಕೆ ನಿಂತ ಸೀನಿನ ಸಿಟ್ಟನ್ನು ಇವತ್ತು ಅದೇ ಮಟ್ಟದಲ್ಲಿ ಎತ್ತಿಕೊಳ್ಳೋದು, ಎಲ್ಲ ಅಲ್ಲೇ ಕಲಿತೆ. ಕೂದಲ ಕಂಟಿನ್ಯುಟಿ, ಅಂದ್ರೆ ಸೀನು ಮುಂದುವರಿದಾಗ ಕೂದಲು ಮೊದಲಿದ್ದ ಹಾಗೇ ಇರೋದು, ಮಾತ್ರ ಅಕ್ಕನ ತಲೆಯಲ್ಲಿ. ಯಾವ ಸೀನಿಗೆ ಬೈತಲೆ ಎಡಕ್ಕೆ, ಹೂವು ಎಷ್ಟು ಬಾಡಿತ್ತು, ಎಲ್ಲ ಬಾಯಿಪಾಠ. ಮುಂದೆ ಸಿನಿಮಾದವರು ಮತ್ತೆ ಕರೆದಾಗ ಉದ್ದದ ಸೀನನ್ನು ಒಂದೇ ಟೇಕ್‌ನಲ್ಲಿ ಮುಗಿಸಿದ್ದು ಈ ಪಳಗಿದ ಅಭ್ಯಾಸದಿಂದಲೇ.

ಒಮ್ಮೆ ಅಮೆರಿಕದ ನಟಿ ಲೂಸಿಲ್ ಬಾಲ್ ಬಗ್ಗೆ ಓದಿ ಅಕ್ಕನಿಗೆ ಹೇಳಿದ್ದೆ. ಹಾಲಿವುಡ್‌ನಲ್ಲಿ ಎಷ್ಟೋ ವರ್ಷ ಸಣ್ಣ ಬಜೆಟ್ ಸಿನಿಮಾಗಳಲ್ಲಿ ದುಡಿದವರು, 1951ರಲ್ಲಿ, ನಲವತ್ತನೇ ವಯಸ್ಸಿಗೆ, ‘ಐ ಲವ್ ಲೂಸಿ’ ಅನ್ನೋ ಹಾಸ್ಯ ಸೀರಿಯಲ್‌ನಿಂದ ಟೀವಿಯಲ್ಲಿ ಮನೆಮಾತಾದರು. ಅದನ್ನು ತಯಾರಿಸಿದ್ದ ಡೆಸಿಲು ಸ್ಟುಡಿಯೋಗೆ 1962ರಲ್ಲಿ ಮುಖ್ಯಸ್ಥೆಯೇ ಆದರು. ಅಕ್ಕ ಎಲ್ಲ ಕೇಳಿಸಿಕೊಂಡು, ‘ಅವರ ತಲೆ ಬಾಚ್ತಿದ್ದವರು ಯಾರಂತೆ?’ ಅಂದರು. ನನ್ನ ಬಾಯಿ ಕಟ್ಟಿತು.

ನಿಜ ಹೇಳಬೇಕಂದ್ರೆ, ಈಗಲೂ ಹೊಸ ಸೆಟ್‌ಗೆ ಹೋದ ಕೂಡಲೇ ಕಾಸ್ಟ್ಯೂಮ್ ಹಿಡಿದು ನೋಡ್ತೀನಿ, ನನ್ನ ಅಳತೆಯದೇನಾ ಅಂತ. ಪ್ರಶಸ್ತಿ ಬಂದ ವರ್ಷವೂ ನೋಡಿದೆ. ಕೈ ನಡುಗುತ್ತೆ. ಯಾರಾದರೂ ಹತ್ತಿರ ಬಂದರೆ ಸುಮ್ನೆ ಬಟ್ಟೆಯ ಬಣ್ಣ ಹೊಗಳಿ ತಪ್ಪಿಸಿಕೊಳ್ತೀನಿ. ಇರಲಿ ಬಿಡಿ.

ಮುಂದಿನ ಸಿನಿಮಾದ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಒಂದು ಸಾಲು ಸೇರಿಸಿ ಅಂದೆ. ಟೈಟಲ್ ಕಾರ್ಡಿನಲ್ಲಿ ಅಕ್ಕನ ಹೆಸರು ಬರಬೇಕು, ಓದೋಕೆ ಆಗುವಷ್ಟು ಹೊತ್ತು ನಿಲ್ಲಬೇಕು. ಒಪ್ಪಿದ್ದಾರೆ. ಇಲ್ಲಿ ಮಾತ್ರ ಹೆಸರು ಹಾಕಬೇಡ ಅಂತ ಅಕ್ಕನ ಆರ್ಡರ್. ಸಿನಿಮಾಕ್ಕೆ ಸ್ವಲ್ಪ ಬೇಗ ಬಂದು ಕೂತು ಓದಿಕೊಳ್ಳಿ.