ಆಮದು ನಾಟಾಕ್ಕೂ ಇರಲಿ ಮೂಲದ ದಾಖಲೆ

ಹೊರದೇಶಗಳಲ್ಲಿ ಅಕ್ರಮವಾಗಿ ಕಡಿದ ಮರ ನಮ್ಮ ಬಂದರುಗಳಿಗೆ ಬರುವುದನ್ನು ತಡೆಯಲು ಭಾರತದಲ್ಲಿ ಪ್ರತ್ಯೇಕ ಕಾನೂನೇ ಇಲ್ಲದಿರುವುದು ವಿಷಾದನೀಯ.

ಮಲೆನಾಡಿನ ರೈತ ತನ್ನ ಹಿತ್ತಲಿನ ತೇಗ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ದಿಮ್ಮಿಯ ತುದಿಗೆ ಸುತ್ತಿಗೆ ಮುದ್ರೆ ಬಿದ್ದು, ರಹದಾರಿ ಕೈಗೆ ಬಂದ ಮೇಲಷ್ಟೇ ಲಾರಿ ಹೊರಡಬೇಕು. ಅದೇ ನವಮಂಗಳೂರು ಬಂದರಿನಲ್ಲಿ ಹಡಗಿನಿಂದ ಇಳಿಯುವ ದಿಮ್ಮಿ ಯಾವ ಕಾಡಿನದು, ಕಡಿಯಲು ಅನುಮತಿ ಕೊಟ್ಟವರು ಯಾರು ಎಂದು ಕೇಳುವವರಿಲ್ಲ. 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಅದರಲ್ಲಿ ಹುಳು ಹುಪ್ಪಟೆ ಇದೆಯೇ ಎಂದು ನೋಡುತ್ತಾರೆ, ಸುಂಕ ಕಟ್ಟಿಸಿಕೊಳ್ಳುತ್ತಾರೆ. ಕೀಟಕ್ಕಿರುವ ಭಯ ಕಳ್ಳನಿಗಿಲ್ಲ!

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿನ ಮರದ ಆಮದಿನ ನಿಯಂತ್ರಣವು, ಅಳಿವಿನಂಚಿನ ಜೀವಿ–ಸಸ್ಯಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿರುವ ಪ್ರಭೇದಗಳಿಗಷ್ಟೇ ಅನ್ವಯಿಸುತ್ತದೆ. ತೇಗ ಆ ಪಟ್ಟಿಯಲ್ಲಿಲ್ಲ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಷೇಧಿಸಿದ್ದರೂ ‘ಬರ್ಮಾ ತೇಗ’ದ ಬಾಗಿಲು ಇಂದಿಗೂ ನಮ್ಮಲ್ಲಿ ಪ್ರತಿಷ್ಠೆಯ ಸಂಕೇತ. ಅದು ಹಳೆಯ ದಾಸ್ತಾನೋ, ಕೊಯ್ದ ಹಲಗೆಯೋ, ಕಳ್ಳಮಾಲೋ ಎಂಬುದನ್ನು ಕೊಳ್ಳುವವನು ತಿಳಿಯುವುದಾದರೂ ಹೇಗೆ?

ಆಸ್ಟ್ರೇಲಿಯಾ 2012ರಲ್ಲಿಯೇ ಅಕ್ರಮ ಮರದ ಆಮದನ್ನು ಅಪರಾಧವೆಂದು ಸಾರಿದೆ. ಐರೋಪ್ಯ ಒಕ್ಕೂಟದಲ್ಲಿ ಮೂಲವನ್ನು ಪರಿಶೀಲಿಸುವ ಹೊಣೆ 2013ರಿಂದ ಆಮದುದಾರನದೇ. ಕೇಂದ್ರ ಸರ್ಕಾರವೂ ಈಗಿರುವ ಆಮದು ಕಾನೂನುಗಳನ್ನು ಮರುಪರಿಶೀಲಿಸಿ, ಮರದ ಪ್ರಭೇದ, ಕಡಿದ ಪ್ರದೇಶ ಮತ್ತು ಕಡಿತದ ಪರವಾನಗಿಯ ವಿವರವನ್ನು ಆಮದುದಾರರು ಸಲ್ಲಿಸುವುದನ್ನು ಕಡ್ಡಾಯಗೊಳಿಸಬೇಕು. ಮೊದಲ ಹಂತದಲ್ಲಿ ತೇಗಕ್ಕಾದರೂ ಇದು ಜಾರಿಯಾಗಲಿ.

– ಓದುಗ, ಶಿರಸಿ